ಸಂಪಾದಕರ ಉತ್ತರ: ‘ಪಕ್ಕಿ’ ಅಂದ ಹುಡುಗ

ಕಾರ್ಕಳ ಕಡೆಯ ಟೀಚರ್ ಒಬ್ಬರು ಬರೆದಿದ್ದಾರೆ: “ಆಡುತ್ತಾ ಕಲಿಯುವ ನಲಿಕಲಿ ಕ್ರಮದಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಒಟ್ಟಿಗೆ ಕಲಿಸುತ್ತೇನೆ. ಮುಂದಿನ ತಿಂಗಳ ತರಬೇತಿಗೆ ‘ನನ್ನ ಬೋಧನಾ ತತ್ವ’ ಅಂತ ಒಂದು ಪುಟ ಬರೆದು ತರಬೇಕಂತೆ. ಮೂರು ಸಲ ಬರೆದು ಹರಿದು ಹಾಕಿದೆ. ‘ಮಗುವಿನ ಸರ್ವಾಂಗೀಣ ಬೆಳವಣಿಗೆ’ ಅಂತ ಬರೆದರೆ ಅದು ನನ್ನ ಮಾತು ಅನ್ನಿಸುವುದಿಲ್ಲ. ಸಣ್ಣ ಮಕ್ಕಳ ಟೀಚರಿಗೆ ತತ್ವ ಬೇಕಾ? ನನಗೆ ಗೊತ್ತಿರುವುದು ಮಕ್ಕಳು, ಗಲಾಟೆ, ದಾಖಲೆ ಪುಸ್ತಕ ಅಷ್ಟೇ. ಹೇಳಲು ಮರೆತೆ. ಮೊನ್ನೆ ಒಂದನೇ ಕ್ಲಾಸಿನ ಹುಡುಗ ಹಕ್ಕಿಯ ಚಿತ್ರ ನೋಡಿ ‘ಪಕ್ಕಿ’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಎರಡು ದಿನ ಅವನು ಬಾಯಿ ಬಿಡಲಿಲ್ಲ. ಅದು ಮನಸ್ಸಿನಿಂದ ಹೋಗುತ್ತಿಲ್ಲ. ದಯವಿಟ್ಟು ನನ್ನ ಹೆಸರು ಹಾಕಬೇಡಿ.”

ಪ್ರೀತಿಯ ಟೀಚರ್,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಸಾಲುಗಳನ್ನು ಅದಕ್ಕಿಂತ ಜಾಸ್ತಿ ಸಲ ಓದಿದೆ. ನೀವು ಹೇಳಲು ಮರೆತೆ ಅಂತ ಬರೆದದ್ದೇ ನನಗೆ ಪತ್ರದ ಮುಖ್ಯ ಭಾಗ ಅನ್ನಿಸಿತು. ಅದನ್ನೇ ಮೊದಲು ಮಾತಾಡೋಣ.

ಆ ಹುಡುಗನ ಮನೆಮಾತು ತುಳು ಇರಬೇಕು. ತುಳುವಿನಲ್ಲಿ ಹಕ್ಕಿಗೆ ಪಕ್ಕಿ, ಹೂವಿಗೆ ಪೂ, ಹೊಸದಕ್ಕೆ ಪೊಸ, ಹುಳಿಗೆ ಪುಳಿ. ಸಾವಿರ ವರ್ಷ ಹಿಂದಿನ ಹಳಗನ್ನಡದಲ್ಲೂ ಇವು ಪಕ್ಕಿ, ಪೂ, ಪೊಸ, ಪುಳಿಯೇ. ಕನ್ನಡದಲ್ಲಿ ಮುಂದೆ ಆ ‘ಪ’ ಹೋಗಿ ‘ಹ’ ಆಯಿತು. ತುಳು ಅದನ್ನು ಬಿಟ್ಟುಕೊಡಲಿಲ್ಲ. ಅಂದರೆ ಆರು ವರ್ಷದ ಆ ಹುಡುಗ ಹೇಳಿದ್ದು ಕನ್ನಡದ್ದೇ ಹಳೆಯ ಮಾತು. ಅವನಿಗೆ ಹಕ್ಕಿ ಗೊತ್ತಿತ್ತು, ಚಿತ್ರವೂ ಗೊತ್ತಾಯಿತು. ಬಾಯಲ್ಲಿ ಬಂದದ್ದು ಮನೆಯ ಶಬ್ದ, ಅಷ್ಟೇ.

ಇದು ನನಗೆ ಬರೀ ಭಾಷೆಯ ವಿಷಯ ಅಲ್ಲ. ನಾನು ಓದಿದ ಶಾಲೆಯಲ್ಲಿ ತುಳು ಮಾತಾಡಿದರೆ ದಂಡ ಇತ್ತು. ನಾಲ್ಕಾಣೆ. ಮನೆಯಲ್ಲಿ ನಾಲ್ಕಾಣೆ ಕೇಳಲು ಹೆದರಿ ನಾನು ಎರಡನೇ ಕ್ಲಾಸಿನ ಅರ್ಧ ವರ್ಷ ಸುಮ್ನೆ ಕೂತಿದ್ದೆ. ಟೀಚರ್ ಅಮ್ಮನನ್ನು ಕರೆಸಿ, “ನಿಮ್ಮ ಮಗ ತುಂಬಾ ಪಾಪ, ಗಲಾಟೆಯೇ ಇಲ್ಲ” ಅಂದರು. ಅಮ್ಮ ಖುಷಿಪಟ್ಟರು. ನಾನು ಯಾಕೆ ಮಾತಾಡುವುದಿಲ್ಲ ಅಂತ ಯಾರೂ ಕೇಳಲಿಲ್ಲ. ನೀವು ಎರಡು ದಿನದಲ್ಲೇ ಗಮನಿಸಿದಿರಿ. ಬೇಜಾರು ಮಾಡಿಕೊಂಡಿರಿ. ಗುರುತು ಪರಿಚಯ ಇಲ್ಲದ ನನಗೆ ಬರೆದಿರಿ. ತತ್ವ ಇಲ್ಲ ಅಂತ ಹೇಗೆ ಹೇಳುತ್ತೀರಿ?

ಟೀಚರ ತತ್ವ ಏನು ಅಂತ ನನ್ನನ್ನು ಕೇಳಿದರೆ ನಾನು ಒಂದೇ ಜಾಗ ನೋಡುತ್ತೇನೆ. ಮಗು ತಪ್ಪು ಉತ್ತರ ಹೇಳಿದ ಮೇಲಿನ ಒಂದು ನಿಮಿಷ. ಸರಿ ಉತ್ತರ ಬಂದಾಗ ನಾವೆಲ್ಲ ಒಳ್ಳೆಯವರೇ. ತಪ್ಪು ಬಂದಾಗ ಮುಖ ಹೇಗಾಗುತ್ತದೆ? ಕಣ್ಣು ಮುಂದಿನ ಮಗುವಿನ ಕಡೆ ಹೋಗುತ್ತದಾ? ಅಥವಾ ಇದು ಎಲ್ಲಿಂದ ಬಂತು ಅಂತ ಕುತೂಹಲ ಹುಟ್ಟುತ್ತದಾ?

ನನ್ನ ಚಿಕ್ಕಮ್ಮ ಬ್ರಹ್ಮಾವರದ ಹತ್ತಿರ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಕಪಾಟಿನಲ್ಲಿ ಒಂದು ಉದ್ದ ಪುಸ್ತಕ ಸಿಕ್ಕಿತು. ಅಂಗಡಿಯ ಸಾಲದ ಲೆಕ್ಕ ಬರೆಯುತ್ತಾರಲ್ವಾ, ಅಂಥದ್ದು. ಒಳಗೆಲ್ಲ ಮಕ್ಕಳ ತಪ್ಪು ಉತ್ತರಗಳು. ಒಂದು ಪುಟದಲ್ಲಿ ಹೀಗಿದೆ: “42ರಲ್ಲಿ 17 ಕಳೆದರೆ 35. ಮೂರು ಮಕ್ಕಳು ಹೀಗೇ ಬರೆದಿದ್ದಾರೆ. ಏಳರಲ್ಲಿ ಎರಡು ಕಳೆದು ಐದು, ನಾಲ್ಕರಲ್ಲಿ ಒಂದು ಕಳೆದು ಮೂರು. ದೊಡ್ಡದರಿಂದ ಚಿಕ್ಕದು ಕಳೆಯಬೇಕು ಅಂತ ಹೇಳಿಕೊಟ್ಟದ್ದು ನಾನೇ.”

ಆ ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆದಿದ್ದಾರೆ. ಕೆಂಪು ಶಾಯಿಯಲ್ಲಿ. ಮಕ್ಕಳ ಪುಸ್ತಕಕ್ಕೆ ಹಾಕುವ ಕೆಂಪು ಶಾಯಿ ತನ್ನ ಮಾತಿಗೇ.

ಮುಂದಿನ ಸಾಲು ಇನ್ನೂ ಚೆನ್ನಾಗಿದೆ. “ಪಕ್ಕದ ಮನೆಯಿಂದ ಒಂದು ಸಾಲ ತಗೊಳ್ಳಿ ಅಂದೆ. ಒಬ್ಬಳು, ಸಾಲ ವಾಪಸ್ ಯಾವಾಗ ಕೊಡುವುದು ಟೀಚರ್ ಅಂತ ಕೇಳಿದಳು. ನಾಳೆ ಕಡ್ಡಿ ತರಬೇಕು.” ಮರುದಿನ ಹಿಡಿಸೂಡಿ (ಪೊರಕೆ) ಕಡ್ಡಿ ಮುರಿದು ಹತ್ತು ಹತ್ತರ ಕಟ್ಟು ಮಾಡಿದ್ದಾರೆ. ನಾಲ್ಕು ಕಟ್ಟು, ಮೇಲೆ ಎರಡು ಬಿಡಿ ಕಡ್ಡಿ. ಇದರಲ್ಲಿ ನನಗೆ ಹದಿನೇಳು ಕೊಡು ಅಂದಿದ್ದಾರೆ. ಆ ಹುಡುಗಿಯೇ ಒಂದು ಕಟ್ಟಿನ ದಾರ ಬಿಚ್ಚಿದಳಂತೆ. ಬಿಡಿ ಕಡ್ಡಿ ಹನ್ನೆರಡಾಯಿತು. ಏಳು ಕೊಟ್ಟಳು, ಇನ್ನೊಂದು ಇಡೀ ಕಟ್ಟು ಕೊಟ್ಟಳು. ಉಳಿದದ್ದು ಎರಡು ಕಟ್ಟು, ಐದು ಕಡ್ಡಿ. ಅವತ್ತಿನಿಂದ ಚಿಕ್ಕಮ್ಮನ ಕ್ಲಾಸಿನಲ್ಲಿ ಸಾಲ ಅನ್ನುವ ಮಾತು ಹೋಗಿ ‘ಕಟ್ಟು ಬಿಚ್ಚು’ ಬಂತು. ಬೀಡಿ ಕಟ್ಟುವ ಮನೆಯ ಮಕ್ಕಳೇ ಜಾಸ್ತಿ ಇದ್ದ ಶಾಲೆ ಅದು. ಕಟ್ಟು, ಬಿಡಿ ಅಂದರೆ ಅವರಿಗೆ ವಿವರಿಸಬೇಕಾಗಿಯೇ ಇರಲಿಲ್ಲ.

ಚಿಕ್ಕಮ್ಮ ಯಾವತ್ತೂ ತತ್ವದ ಮಾತಾಡಿದ್ದು ನಾನು ಕೇಳಿಲ್ಲ.

ಹಾಗಂತ ನಿಮ್ಮ ಕಷ್ಟ ನನಗೆ ಅರ್ಥವಾಗುವುದಿಲ್ಲ ಅಂತಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಒಳ್ಳೆಯ ಯೋಚನೆ. ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಹತ್ತಲಿ ಅನ್ನುವುದು ಅದರ ಆಸೆ. ಆದರೆ ಮೂರು ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಐದು ‘ತಟ್ಟೆ’ಯಲ್ಲಿ, ಅಂದರೆ ಐದು ಗುಂಪಿನಲ್ಲಿ, ಕೂತಿರುವಾಗ, ಬಿಸಿಯೂಟದ ಲೆಕ್ಕವೂ ನಿಮ್ಮ ತಲೆ ಮೇಲೆ ಇರುವಾಗ, ಪ್ರತಿ ತಪ್ಪಿನ ಹಿಂದೆ ಹೋಗಲು ಯಾರಿಂದಲೂ ಆಗುವುದಿಲ್ಲ. ಚಿಕ್ಕಮ್ಮನಿಂದಲೂ ಆಗುತ್ತಿರಲಿಲ್ಲ. ಅವರ ಪುಸ್ತಕದಲ್ಲಿ ದಿನಕ್ಕೆ ಒಂದೇ ತಪ್ಪು ಇರುವುದು. ಪರೀಕ್ಷೆ ಸಮಯದಲ್ಲಿ ವಾರಗಟ್ಟಲೆ ಖಾಲಿ. ಅಷ್ಟು ಸಾಕು.

ನಗುವಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರ ನಿಷೇಧಿಸಿಲ್ಲ, ಮಗುವಿಗೆ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ನೀವು ನಕ್ಕದ್ದು ಹಿಂಸೆ ಅಂತ ನಾನು ಹೇಳುವುದಿಲ್ಲ. ಅದು ಪ್ರೀತಿಯ ನಗುವೇ ಇರಬಹುದು. ಆದರೆ ಮಗುವಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಟೀಚರ್ ನಕ್ಕರೆ ಇಡೀ ಕ್ಲಾಸಿಗೆ ನಗಲು ಅನುಮತಿ ಸಿಕ್ಕಿತು, ಅಲ್ವಾ?

ಉತ್ತರ ಹೇಳಲಾಗದ ನಾಚಿಕೆ ಎಷ್ಟು ಆಳಕ್ಕೆ ಇಳಿಯುತ್ತದೆ ಅಂತ ನಮ್ಮ ಊರಿಗೆ ಬೇರೆಯವರು ಹೇಳಬೇಕಾಗಿಲ್ಲ. ಹರೇಕಳ ಹಾಜಬ್ಬರು ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದರು. ವಿದೇಶಿಯರು ಇಂಗ್ಲಿಷಿನಲ್ಲಿ ರೇಟು ಕೇಳಿದಾಗ ಅವರಿಗೆ ಉತ್ತರ ಹೇಳಲು ಆಗಲಿಲ್ಲ. ಅದು ಅವರನ್ನು ಬಿಡಲೇ ಇಲ್ಲ. ಕಿತ್ತಳೆ ಮಾರಿದ ದುಡ್ಡು ಕೂಡಿಟ್ಟು ಊರಿನ ಮಕ್ಕಳಿಗೆ ಶಾಲೆ ಮಾಡಿಸಿದರು. 2020ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಅವರು ಆ ನಾಚಿಕೆಯಿಂದ ಶಾಲೆ ಕಟ್ಟಿದರು. ನಾನು ಅರ್ಧ ವರ್ಷ ಬಾಯಿ ಮುಚ್ಚಿ ಕೂತೆ. ಜಾಸ್ತಿ ಮಕ್ಕಳು ನನ್ನ ಹಾಗೆಯೇ ಮಾಡುವುದು.

ಹಾಗಾಗಿ ಆ ಹುಡುಗನಿಗೆ ಒಂದು ಕೆಲಸ ಮಾಡಿ. ನಾಳೆ ಬೋರ್ಡಿನಲ್ಲಿ ‘ಹಕ್ಕಿ’ ಅಂತ ಬರೆಯಿರಿ. ಪಕ್ಕದಲ್ಲೇ ‘ಪಕ್ಕಿ’ ಅಂತ ಬರೆಯಿರಿ. ಕೆಳಗೆ ಹೂ, ಪೂ. ಮತ್ತೆ ಹೊಸ ಅಂತ ಬರೆದು, ಪಕ್ಕದಲ್ಲಿ ಏನು ಬರಬೇಕು ಅಂತ ಕೇಳಿ. ತುಳು ಮನೆಯ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಾರೆ. ಅವನೊಬ್ಬನನ್ನೇ ನಿಲ್ಲಿಸಿ ಕೇಳಬೇಡಿ, ಅದು ಇನ್ನೊಂದು ಶಿಕ್ಷೆ. ಕೊಂಕಣಿ, ಬ್ಯಾರಿ ಮಾತಾಡುವವರು, ಕೆಲಸಕ್ಕೆ ಬಂದ ಬಾಗಲಕೋಟೆ ಕಡೆಯವರ ಮಕ್ಕಳು ಇದ್ದರೆ ಅವರ ಮನೆಯಲ್ಲಿ ಹಕ್ಕಿಗೆ ಏನನ್ನುತ್ತಾರೆ ಅಂತಲೂ ಕೇಳಿ. ಬೋರ್ಡು ತುಂಬಲಿ. ಕೊನೆಗೆ ಪುಸ್ತಕದಲ್ಲಿ ಬರೆಯುವಾಗ ‘ಹಕ್ಕಿ’ ಅಂತ ಬರೆಯೋಣ ಅನ್ನಿ. ಕನ್ನಡ ಕಲಿಯಲೇಬೇಕು, ಅದರಲ್ಲಿ ರಿಯಾಯಿತಿ ಬೇಡ. ಮನೆಯ ಮಾತನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕು ಅಂತ ಮಾತ್ರ ಮಗುವಿಗೆ ಅನ್ನಿಸಬಾರದು.

ಇನ್ನು ಆ ಒಂದು ಪುಟ. ‘ಸರ್ವಾಂಗೀಣ’ ಬಿಟ್ಟುಬಿಡಿ. ಹುಡುಗ ‘ಪಕ್ಕಿ’ ಅಂದದ್ದು, ನೀವು ನಕ್ಕದ್ದು, ಅವನು ಸುಮ್ಮನಾದದ್ದು, ಆಮೇಲೆ ನೀವು ಏನು ಮಾಡಿದಿರಿ ಅನ್ನುವುದು, ಇಷ್ಟನ್ನೇ ಬರೆಯಿರಿ. ನೀವು ನಕ್ಕದ್ದನ್ನು ಅಡಗಿಸಬೇಡಿ. ತರಬೇತಿಯವರು ಒಪ್ಪುತ್ತಾರಾ ಅಂತ ನಿಮಗೆ ಹೆದರಿಕೆ ಇರಬಹುದು. ಅಲ್ಲಿ ಕೂತ ಟೀಚರುಗಳಲ್ಲಿ ಅರ್ಧಕ್ಕರ್ಧ ಜನರಿಗೆ ತಮ್ಮ ಕ್ಲಾಸಿನ ಒಬ್ಬ ಹುಡುಗ ನೆನಪಾಗುತ್ತಾನೆ ಅಂತ ನನ್ನ ನಂಬಿಕೆ.

ನಿಮ್ಮ ಹೆಸರು ಹಾಕಿಲ್ಲ. ಹುಡುಗ ಮಾತಾಡಿದನಾ ಅಂತ ಒಂದು ಕಾರ್ಡಿನಲ್ಲಾದರೂ ತಿಳಿಸಿ, ಕಾಯುತ್ತಿರುತ್ತೇನೆ.

– ಸಂ.