ಒಂಟೆಗೆ ಒಂದೇ ಪ್ಯಾರಾ ಯಾಕೆ?

ಓದುಗರ ಪತ್ರ: ಮರುಭೂಮಿಯ ಪ್ರಾಣಿಗಳ ಲೇಖನದಲ್ಲಿ ಇಲಿಗೆ ಎರಡು ಪುಟ, ಒಂಟೆಗೆ ಒಂದೇ ಪ್ಯಾರಾ! ಡುಬ್ಬದ ತುಂಬ ನೀರು ಹೊತ್ತು ನಡೆಯುವ ಮರುಭೂಮಿಯ ಹಡಗಿಗೆ ಇದೆಂಥ ಅನ್ಯಾಯ?
– ಒಬ್ಬ ಹಳೆಯ ಓದುಗ

ಸಂಪಾದಕರ ಉತ್ತರ: ಪ್ಯಾರಾ ಎಣಿಸಿ ಓದುವ ನಿಮ್ಮಂಥವರಿಂದಲೇ ಪತ್ರಿಕೆ ನಡೆಯೋದು. ಆದರೆ ಸ್ವಾಮಿ, ಡುಬ್ಬದಲ್ಲಿ ಇರುವುದು ನೀರಲ್ಲ, ಕೊಬ್ಬು. ಅದು ಕರಗಿದಾಗ ನೀರು ಹುಟ್ಟುವುದು ನಿಜ. ಆದರೆ ಕರಗಿಸಲು ಜಾಸ್ತಿ ಉಸಿರಾಡಬೇಕು, ಬಂದ ನೀರು ಆ ಉಸಿರಲ್ಲೇ ಹೋಗಿಬಿಡುತ್ತದೆ. ಹಾಗಂತ ಒಂಟೆ ಸಾಮಾನ್ಯ ಪ್ರಾಣಿಯಲ್ಲ. ಬಾಯಾರಿದಾಗ ಕಾಲು ಗಂಟೆಯೊಳಗೆ 100 ಲೀಟರ್ ಕುಡಿಯಬಲ್ಲದು. ನಮಸ್ಕಾರ ಹಾಕಿದ್ದೇನೆ, ಸಾಕಲ್ವಾ?

ಇನ್ನು ನನ್ನ ಇಲಿ. ಉತ್ತರ ಅಮೆರಿಕದ ಮರುಭೂಮಿಗಳ ಕಾಂಗರೂ ಇಲಿ ಒಂದು ಹನಿಯೂ ಕುಡಿಯದೆ ಬದುಕಬಲ್ಲದು. 1940ರ ದಶಕದಲ್ಲಿ ಕ್ನೂಟ್ ಶ್ಮಿಟ್-ನೀಲ್ಸನ್ ಮತ್ತು ಬೋಡಿಲ್ ಎಂಬ ವಿಜ್ಞಾನಿ ದಂಪತಿ ಅರಿಝೋನಾದಲ್ಲಿ ಕೂತು ಇದರ ನೀರಿನ ಜಮಾಖರ್ಚು ಹಾಕಿದರು. ಜಮೆ ಎಂದರೆ ಒಣ ಕಾಳು ಮೈಯಲ್ಲಿ ಶಕ್ತಿಯಾಗುವಾಗ ಹುಟ್ಟುವ ಅಷ್ಟಿಷ್ಟು ನೀರು. ಖರ್ಚಿನಲ್ಲಿ ಮಾತ್ರ ಮಹಾ ಜಿಪುಣ. ಮೂತ್ರ ನಮ್ಮದಕ್ಕಿಂತ ಸುಮಾರು 4 ಪಟ್ಟು ಗಟ್ಟಿ. ಉಸಿರು ಬಿಡುವಾಗ ಗಾಳಿ ಮೂಗಿನ ಸಣ್ಣ ಓಣಿಗಳಲ್ಲಿ ತಣ್ಣಗಾಗಿ, ಅದರ ತೇವ ಅಲ್ಲೇ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಹಗಲೆಲ್ಲ ಬಿಲದ ಬಾಯಿಗೆ ಮಣ್ಣು ಮೆತ್ತಿ ಒಳಗೆ ಮಲಗುತ್ತದೆ. ಹೊರಗೆ ಮರಳು ಸುಡುತ್ತಿದ್ದರೆ ಅದಕ್ಕೇನು?

ಅದೇ ಕ್ನೂಟ್ 1950ರ ದಶಕದಲ್ಲಿ ಸಹಾರಾಕ್ಕೆ ಹೋಗಿ ಒಂಟೆಯನ್ನೂ ಪರೀಕ್ಷಿಸಿದರು. ತುಪ್ಪಳ ಬೋಳಿಸಿದ ಒಂಟೆ, ಬೋಳಿಸದ ಒಂಟೆಯ ಸುಮಾರು ಒಂದೂವರೆ ಪಟ್ಟು ನೀರು ಕಳೆದುಕೊಂಡಿತು. ಬಿಸಿಲು ತಡೆಯುವುದು ಆ ಉಣ್ಣೆ. ಡುಬ್ಬದ ಕಥೆ ಆಗಲೇ ಮುಗಿದಿತ್ತು. ಆದರೂ ಮಕ್ಕಳ ಪುಸ್ತಕಗಳಲ್ಲಿ ಅದು ಇವತ್ತಿಗೂ ನೀರಿನ ಟ್ಯಾಂಕೇ! ಒಬ್ಬರು ಬರೆದದ್ದನ್ನು ಇನ್ನೊಬ್ಬರು ಸುಮ್ನೆ ಇಳಿಸಿಕೊಳ್ಳುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ.

ಟಿವಿಯವರದು ಇನ್ನೊಂದು ಗೋಳು. ನಡುಮಧ್ಯಾಹ್ನ ಕ್ಯಾಮೆರಾ ಹಿಡಿದು ಹೋಗುತ್ತಾರೆ. ಆಗ ಮರುಭೂಮಿಯ ಮುಕ್ಕಾಲು ಸಂಸಾರ ನೆಲದಡಿ ನಿದ್ದೆಯಲ್ಲಿರುತ್ತದೆ. ಎದುರಿಗೆ ಸಿಕ್ಕ ಒಂಟೆಗೆ ಒಂದು ಗಂಭೀರ ಸಂಗೀತ ಹಾಕಿದರೆ ಕಾರ್ಯಕ್ರಮ ರೆಡಿ. ಕಷ್ಟ ಪಡುವವರನ್ನು ಕಂಡರೆ ನಮಗೂ ಖುಷಿ, ಅದೂ ದೊಡ್ಡ ಮೈಯವರಾದರೆ. ಕಷ್ಟ ಬಾರದ ಹಾಗೆ ನೋಡಿಕೊಂಡವರನ್ನು ಕೇಳುವವರಿಲ್ಲ, ಕಚೇರಿಗಳಲ್ಲೂ ಅಷ್ಟೆ.

ಮುಂದಿನ ಸಂಚಿಕೆಯಲ್ಲಿ ನಮೀಬ್ ಮರುಭೂಮಿಯ ಒಂದು ಕಪ್ಪು ಜೀರುಂಡೆ ಬರಲಿದೆ. ಮಂಜು ಕವಿದ ಬೆಳಗ್ಗೆ ಮರಳುದಿಬ್ಬದ ನೆತ್ತಿಯಲ್ಲಿ ತಲೆ ತಗ್ಗಿಸಿ, ಹಿಂಭಾಗ ಎತ್ತಿ ನಿಲ್ಲುತ್ತದೆ. ಮೈಮೇಲೆ ಕೂಡಿದ ಹನಿ ಜಾರಿ ಬಾಯಿಗೇ ಬರುತ್ತದೆ. ಅದಕ್ಕೆ ಮೂರು ಪುಟ ಇಟ್ಟಿದ್ದೇನೆ. ನಿಮ್ಮ ಪತ್ರಕ್ಕೆ ಕಾಯುತ್ತಿರುತ್ತೇನೆ.