ಬಿಲಿರುಬಿನ್ 14, ಎಎಲ್‌ಟಿ ಬರೀ 90: ಯಾಕೆ ಅಂದ್ರೆ
ಮಡಿಕೇರಿ ಆಸ್ಪತ್ರೆಯಲ್ಲಿ ನಿಮ್ಮ ಪೋಸ್ಟಿಂಗ್, ನಾಟಿ ಗದ್ದೆಯಲ್ಲಿ ದುಡಿದವರಿಗೆ ಜ್ವರ, ಕಾಮಾಲೆ. ಕಾಮಾಲೆ ತರುವ ಹಳದಿ ವಸ್ತು ಬಿಲಿರುಬಿನ್ 14 ಇದ್ದರೂ, ಲಿವರ್ ಎನ್‌ಜೈಮ್ ಎಎಲ್‌ಟಿ 90 ಮಾತ್ರ ಯಾಕೆ ಅಂತ ಕೇಳಿದ್ದೀರಿ. ಇದು ಇಲಿ ಜ್ವರ (ಲೆಪ್ಟೋಸ್ಪೈರೋಸಿಸ್) ಇರಬಹುದು. ಎಎಲ್‌ಟಿ ಇರುವುದು ಲಿವರ್ ಕೋಶದ ಒಳಗೆ. ಕೋಶ ಒಡೆದರೆ ರಕ್ತಕ್ಕೆ ಸೋರುತ್ತದೆ. ಹೆಪಟೈಟಿಸ್ ಎ ಆಗಿದ್ದರೆ ಸಾಮಾನ್ಯವಾಗಿ ಸಾವಿರ ದಾಟಿರುತ್ತಿತ್ತು, ಅಲ್ವಾ? ಇಲಿ ಜ್ವರದಲ್ಲಿ ಕೋಶಗಳು ಅಷ್ಟು ಸಾಯುವುದಿಲ್ಲ, ಪಿತ್ತ ಸಾಗಿಸುವ ಕೆಲಸ ಕೆಡುತ್ತದೆ. ಹಾಗಾಗಿ ಎಎಲ್‌ಟಿ ಸಾಮಾನ್ಯವಾಗಿ 200ರ ಒಳಗೇ ಇರುತ್ತದೆ. ಮೀನಖಂಡ ಒತ್ತಿ ನೋಡಿದ್ರಾ? ಇಲಿ ಜ್ವರವಾದರೆ ಅನೇಕರು ಮುಟ್ಟಿದರೇ ಕಾಲು ಎಳೆದುಕೊಳ್ಳುತ್ತಾರೆ. ಕಣ್ಣು ಹಳದಿಯ ಜೊತೆ ಹಲವರಲ್ಲಿ ಕೆಂಪೂ ಇರುತ್ತದೆ. ಕ್ರಿಯಾಟಿನಿನ್ (ಕಿಡ್ನಿಗೆ), ಪ್ಲೇಟ್‌ಲೆಟ್, ಸಿಪಿಕೆ (ಸ್ನಾಯುವಿನ ಎನ್‌ಜೈಮ್) ನೋಡಿ, ಸೀನಿಯರ್‌ಗೆ ಇವತ್ತೇ ಹೇಳಿ. ರಿಪೋರ್ಟ್‌ಗೆ ಕಾಯುತ್ತಾ ಆಂಟಿಬಯಾಟಿಕ್ ತಡ ಮಾಡಬಾರದು. ಲೈನ್ ಮನೆಯವರು (ತೋಟದ ಕಾರ್ಮಿಕರು) ಅಂತ ಸುಮ್ನೆ 'ಕುಡಿತ' ಎಂದು ಬರೆದುಬಿಡಬೇಡಿ. ಕುಡಿತದ್ದಾದರೆ ಸಾಮಾನ್ಯವಾಗಿ ಎಎಸ್‌ಟಿ ಎಂಬ ಇನ್ನೊಂದು ಎನ್‌ಜೈಮ್ ಎಎಲ್‌ಟಿಯ ಎರಡು ಪಟ್ಟು ಇರುತ್ತದೆ.