ಬಾಗಲಕೋಟಿ ಮುಳುಗಡಿ (ಆಲಮಟ್ಟಿ ಡ್ಯಾಮಿನ ಹಿನ್ನೀರಾಗ ಹಳೇ ಊರು ಮುಳುಗಿದ್ದು) ಬಗ್ಗೆ ಅಜ್ಜಾರನ್ನ ಹೆಂಗ ಮಾತಾಡಸೂದು ಅಂತ ಕೇಳಿದವ್ರಿಗೆ
ಬಾಜೂಮನಿ ಅಜ್ಜಾರು ‘ಎಲ್ಲಾ ನೀರಾಗ ಹೋತು’ ಅಂದು ಸುಮ್ಮನಾಗ್ತಾರ, ಮುಂದ ಏನ್ ಕೇಳ್ಲಿ ಅಂದ್ರಲ್ಲ, ನಾನೂ ಹಿಂಗ ಸೋತೀನ್ರಿ. ಇಸವಿ ಕೇಳಬ್ಯಾಡ್ರಿ, ಪರೀಕ್ಷಾ ಅನಸ್ತದ. ಊರು ಬಿಟ್ಟದ್ದು ಬಾಗಲಕೋಟಿ ಜಿಲ್ಲಾ ಆಗೂಕ್ಕಿಂತ ಮೊದ್ಲೋ ಆಮ್ಯಾಲೋ ಅಂತ ಕೇಳ್ರಿ, ಜಿಲ್ಲಾ ಆದದ್ದು 1997ಕ್ಕ, ಉಳಿದದ್ದು ತಾನ ಹೊಂದ್ತದ. ಆಲಮಟ್ಟಿ ಡ್ಯಾಮಿಗೆ ಅಡಿಗಲ್ಲು ಬಿದ್ದದ್ದು 1964ಕ್ಕ, ಅಂದ್ರ ನೀರು ಬರೂಕ್ಕಿಂತ ಮೊದಲ ‘ಬರ್ತದ ಬರ್ತದ’ ಅನ್ನೂ ಮಾತು ಎಷ್ಟೋ ವರ್ಷ ಕೇಳ್ಯಾರ, ಮನಿಗೆ ಸುಣ್ಣ ಹಚ್ಚಬೇಕೋ ಬ್ಯಾಡೋ ಅನ್ನೂದೂ ಚಿಂತಿ ಆಗಿತ್ತಂತ, ಅಲ್ಲಿಂದ ಸುರು ಮಾಡ್ರಿ. ಆಮ್ಯಾಲೆ ಮುಳುಗಡಿ ಆದವ್ರಿಗೆ ಕಟ್ಟಿದ ನವನಗರಕ್ಕ ಏನೇನ್ ಹೊತ್ಕೊಂಡ ಬಂದ್ರಿ ಅನ್ರಿ. ನಾ ಕೇಳಿದ ಹಿರಿಯರು ಹಳೇ ಮನಿ ಬಾಗಲ ಚೌಕಟ್ಟು, ಎರಡು ತೊಲಿ ತಂದಿದ್ರು, ಆ ತೊಲಿ ಮುಟ್ಟಿ ತೋರಿಸ್ಕೋತ ಒಂದ ತಾಸು ಮಾತಾಡಿದ್ರು, ನಾ ಬರೀ ಹೂಂ ಅಂದೆ ಅಷ್ಟ. ಪರಿಹಾರದ ರೊಕ್ಕದ ವಿಷಯ ಮಾತ್ರ ಮಕ್ಕಳ ಮುಂದ ತೆಗೀಬ್ಯಾಡ್ರಿ (ಜಗಳ ಇನ್ನೂ ಬಾಕಿ ಇರ್ತಾವ). ರೆಕಾರ್ಡಿಂಗಿಗೆ ಒಪ್ಪಿಗಿ ಕೇಳಿ, ಮೊಬೈಲ್ ಫ್ಲೈಟ್ ಮೋಡಿಗೆ ಹಾಕ್ರಿ, ನಂಗ ನಡುವ ಕಾಲ್ ಬಂದು ಅರ್ಧ ಹಾಳಾತು. ಕಾಲು ಗಟ್ಟಿ ಇದ್ರ ಬ್ಯಾಸಗ್ಯಾಗ ಹಿನ್ನೀರು ಇಳದಾಗ ಹಳೇ ಊರ ಕಡೆ ಕರಕೊಂಡ ಹೋಗ್ರಿ, ಅಲ್ಲಿ ನೀವು ಕೇಳೂದ ಬ್ಯಾಡ, ಅವ್ರ ತಾವ ಹೇಳ್ತಾರ.